ತಳ ತೂತಿನ ಮಡಕೆ

ನಮ್ಮ ಬೀದಿಯಲ್ಲಿ ನನ್ನ ಹೆಂಡತಿಯನ್ನು ಅವಳ ನಿಜವಾದ ಹೆಸರಿನಿಂದ ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಅವಳು ಚೂರಮ್ಮ. ಮ್ಯೂಸಿಯಂನ ಹಿಂದಿನ ಕೋಣೆಯಲ್ಲಿ ಕೂತು, ಮಣ್ಣಿನಡಿ ಸಿಕ್ಕ ಮಡಕೆ ಕುಡಿಕೆಗಳ ಚೂರುಗಳನ್ನು ಒಂದಕ್ಕೊಂದು ಅಂಟಿಸಿ ಮತ್ತೆ ಮಡಕೆ ಮಾಡುವುದು ಅವಳ ಕೆಲಸ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ದೊಣ್ಣೆ ಬಿದ್ದ ಮೇಲೆ ಇನ್ನೊಂದು ವರುಷ ಬೇಕಾಗುತ್ತದೆ ಅನ್ನುವುದು ಆ ಗಾದೆ ಕಟ್ಟಿದವನಿಗೆ ಗೊತ್ತಿರಲಿಲ್ಲ. ಆ ವರುಷ ನನ್ನ ಹೆಂಡತಿಯದು.

ನಾನು ಕ್ಷೌರಿಕ. ಬೀದಿ ತಿರುವಿನಲ್ಲಿ ಎರಡು ಕುರ್ಚಿ, ಒಂದು ದೊಡ್ಡ ಕನ್ನಡಿ, ನೀರು ಚಿಮುಕಿಸುವ ಒಂದು ಬಾಟಲಿ, ಇಷ್ಟರ ಕಟಿಂಗ್ ಶಾಪ್ ನನ್ನದು. ಕತ್ತರಿ ನಿಂತರೂ ನನ್ನ ಬಾಯಿ ನಿಲ್ಲುವುದಿಲ್ಲ ಅಂತ ಗಿರಾಕಿಗಳು ದೂರುತ್ತಾರೆ. ಸುಳ್ಳೇನಲ್ಲ. ಮನೆಯಲ್ಲಿ ಮಾತಾಡುವವರು ಬೇಕಲ್ಲ ಸ್ವಾಮಿ, ಹೆಂಡತಿ ಇಡೀ ದಿನ ಮೂಕ ಚೂರುಗಳ ಜೊತೆ ಕಳೆದು ಬಂದು ಅದೇ ಅಭ್ಯಾಸದಲ್ಲಿ ನನ್ನ ಎದುರಿಗೂ ಕೂತುಬಿಡುತ್ತಾಳೆ.

ಅವಳ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಮಡಕೆಯ ಚೂರೊಂದು ಸಿಗದೇ ಹೋದರೆ ಆ ಜಾಗಕ್ಕೆ ಪ್ಲಾಸ್ಟರ್ ತುಂಬುತ್ತಾಳೆ. ತುಂಬಿದ್ದಕ್ಕೆ ಬಣ್ಣವನ್ನೂ ಹಚ್ಚುತ್ತಾಳೆ. ಆದರೆ ಮಡಕೆಯದೇ ಬಣ್ಣವನ್ನಲ್ಲ, ಅದಕ್ಕಿಂತ ಒಂದಿಷ್ಟು ಮಸುಕಾದದ್ದನ್ನು. ದೂರದಿಂದ ನೋಡಿದರೆ ಇಡೀ ಮಡಕೆ ಕಾಣಬೇಕು, ಹತ್ತಿರ ಬಂದರೆ ಯಾವುದು ಹಳೆಯದು, ಯಾವುದು ಇವಳು ಸೇರಿಸಿದ್ದು ಅಂತ ಸಣ್ಣ ಮಗುವಿಗೂ ತಿಳಿಯಬೇಕು. "ಇಲ್ದಿದ್ದನ್ನ ಇತ್ತು ಅನ್ನಬಾರದು ರೀ, ಅಷ್ಟೇ" ಅನ್ನುತ್ತಾಳೆ. ಸರಿ, ಮ್ಯೂಸಿಯಂನಲ್ಲಿ ಏನಾದರೂ ಮಾಡಿಕೊಳ್ಳಲಿ. ಈ ಚಟವನ್ನು ಮನೆಗೂ ತಂದಿದ್ದಾಳೆ. ನನ್ನ ಕಪ್ಪು ಪ್ಯಾಂಟು ಹಿಂಭಾಗದಲ್ಲಿ ಹರಿದಾಗ ಬೂದು ದಾರದಲ್ಲಿ ಹೊಲಿದುಕೊಟ್ಟಳು. ಅಂಗಡಿಯಲ್ಲಿ ಬಗ್ಗಿದಾಗಲೆಲ್ಲ ಕನ್ನಡಿಯಲ್ಲಿ ಅದನ್ನು ನೋಡಿ ಗಿರಾಕಿಗಳು ಕಿಸಕ್ಕೆಂದು ನಗುತ್ತಿದ್ದರು. ಕಪ್ಪು ದಾರ ಇರಲಿಲ್ಲವೇನೇ ಅಂತ ರೇಗಿದೆ. "ಇತ್ತು. ಆದ್ರೆ ಮುಂದಿನ ಸಲ ಅಲ್ಲೇ ಹರಿದ್ರೆ ಎಲ್ಲಿ ಹೊಲಿದಿದ್ದೆ ಅಂತ ಗೊತ್ತಾಗಬೇಡ್ವಾ?" ಅಂದಳು. ಇಂಥವಳ ಜೊತೆ ವಾದ ಮಾಡಿ ಗೆಲ್ಲುವುದುಂಟೇ?

ಅಕ್ಕನ ಊರುಗೋಲು ಮುರಿದಾಗಲೂ ಇದೇ ಕಥೆ. ಅಕ್ಕ ಅಂದರೆ ನನ್ನ ಅಕ್ಕ, ನಮ್ಮ ಜೊತೆಗೇ ಇರುವವಳು. ನಾನು ಇನ್ನೂ ಅಂಗಿ ಗುಂಡಿ ಹಾಕಿಕೊಳ್ಳಲು ಬಾರದ ಪೋರನಾಗಿದ್ದಾಗ ಅಮ್ಮ ತೀರಿಕೊಂಡಳು, ಅಂದಿನಿಂದ ನನ್ನನ್ನು ಸಾಕಿದವಳು ಅಕ್ಕ. ಅವಳ ಎಡಗಾಲು ಚಿಕ್ಕಂದಿನಿಂದಲೇ ಸೊರಗಿದ್ದು. ನಿಂತರೆ ಸ್ವಲ್ಪ ಹೊತ್ತಿಗೇ ನಡುಕ ಬರುತ್ತದೆ. ಹಾಗಾಗಿ ಕೂತೇ ಅಡುಗೆ ಮಾಡಿದಳು, ಕೂತೇ ಬಟ್ಟೆ ಒಗೆದಳು, ಕೂತೇ ನನ್ನ ಬೆನ್ನಿಗೆ ಬಾರಿಸಿದಳು. ಊರುಗೋಲು ಮುರಿದಾಗ ನನ್ನ ಹೆಂಡತಿ ಅದನ್ನು ಜೋಡಿಸಿ, ಕಪ್ಪು ಕೋಲಿನ ನಡುವೆ ತಿಳಿ ಬಣ್ಣದ ಮರದ ತೇಪೆ ಹಾಕಿಕೊಟ್ಟಳು. ಗಟ್ಟಿಯೇನೋ ಆಯಿತು. ಅಕ್ಕನ ಮುಖ ಮಾತ್ರ ಊದಿಕೊಂಡಿತು. "ಕಾಲೂ ಮುರುಕು, ಕೋಲೂ ಮುರುಕು ಅಂತ ಊರಿಗೆಲ್ಲ ಸಾರಬೇಕಿತ್ತಾ?" ಅಂದಳು. ಅದೇ ಕೋಲನ್ನೇ ಹಿಡಿಯುತ್ತಾಳೆ, ಹಿಡಿದಾಗಲೆಲ್ಲ ಗೊಣಗುತ್ತಾಳೆ.

ಇಬ್ಬರ ನಡುವಿನ ನಿಜವಾದ ತಕರಾರು ಕೋಲಿನದಲ್ಲ, ತಾಯಿಯ ಕಥೆಯದು. ತಾಯಿ ಅಂದರೆ ನಮ್ಮನ್ನು ಹೆತ್ತವಳಲ್ಲ, ನಮ್ಮ ಪಂಥದವರೆಲ್ಲ ಕೈಮುಗಿಯುವ ತಾಯಿ. ನಮ್ಮ ಪ್ರಾರ್ಥನೆ ಮನೆಯಲ್ಲಿ ಪ್ರತಿ ರಜಾದಿನ ಬೆಳಿಗ್ಗೆ ಮಕ್ಕಳಿಗೆ ತಾಯಿಯ ಕಥೆ ಹೇಳುವವಳು ಅಕ್ಕ. ಅಲ್ಲಿ ಒಂದು ಗಿಡ್ಡ ಸ್ಟೂಲಿದೆ, ಅದೇ ಅವಳ ಸಿಂಹಾಸನ. ನಾನೂ ಅದರ ಬುಡದಲ್ಲಿ ಕೂತೇ ಕಥೆ ಕೇಳಿದವನು. ಈಗ ನನ್ನ ಕುರ್ಚಿಯಲ್ಲಿ ಗಡ್ಡ ಹೆರೆಸಿಕೊಳ್ಳುವ ಅರ್ಧ ಜನ ಅಲ್ಲಿ ಕೂತು ಕೇಳಿದವರೇ. ಅಕ್ಕನಿಗೆ ಮದುವೆ ಆಗಲಿಲ್ಲ, ನೌಕರಿ ಸಿಗಲಿಲ್ಲ, ಅವಳನ್ನು ಯಾರೂ ಯಾವುದಕ್ಕೂ ಮುಂದೆ ಕೂರಿಸಲಿಲ್ಲ. ಮುಂದೆ ಕೂರಿಸಿದ್ದು ಆ ಸ್ಟೂಲೊಂದೇ.

ಕಥೆ ಹೀಗೆ. ಒಂದಾನೊಂದು ಕಾಲದಲ್ಲಿ ಘೋರ ಬರ ಬಂತು. ಜನ ಮನೆಮಠ ಬಿಟ್ಟು ಗುಡ್ಡದ ಬುಡಕ್ಕೆ ಬಂದು ಸೇರಿದರು. ಅಲ್ಲಿ ಒಬ್ಬ ಒಂಟಿ ಹೆಂಗಸಿದ್ದಳು. ಅವಳ ಹತ್ತಿರ ಇದ್ದದ್ದು ಯಾರೋ ಬಿಸಾಡಿದ್ದ ಒಂದು ಮಡಕೆ, ಅದರ ತಳದಲ್ಲಿ ತೂತು. ಅದರಲ್ಲೇ ಒಂದು ಹಿಡಿ ಕಾಳು ಹಾಕಿ ಗಂಜಿ ಕಾಯಿಸಿ, ಮರದ ಕೊಂಬೆಗೆ ತೂಗುಹಾಕಿದಳು. ಗಂಜಿ ಮುಗಿಯಲೇ ಇಲ್ಲ. ಸಾಲಿನಲ್ಲಿ ನಿಲ್ಲಲು ಶಕ್ತಿ ಇದ್ದವರಿಗೆ ಮೇಲಿನಿಂದ ಬಡಿಸಿದಳು. ನಿಲ್ಲಲಾಗದೆ ಕುಸಿದವರು ಮಡಕೆಯ ಕೆಳಗೆ ಬೊಗಸೆ ಒಡ್ಡಿ ಕೂತರು. "ನಿಂತವರಿಗೆ ಮೇಲಿಂದ, ಕೂತವರಿಗೆ ಕೆಳಗಿಂದ. ಯಾರೂ ಹಸಿದು ಹೋಗಲಿಲ್ಲ" ಅಂತ ಅಕ್ಕ ಎರಡೂ ಕೈ ಎತ್ತಿ ಹೇಳುವಾಗ ಮಕ್ಕಳೂ ಜೊತೆಗೂಡಿ ಕೂಗುತ್ತವೆ. ತೂತಿದ್ದರೆ ಒಲೆ ಆರಲಿಲ್ಲವೇ ಅಂತ ಯಾವುದಾದರೂ ಕಿಲಾಡಿ ಮಗು ಕೇಳಿದರೆ ಅಕ್ಕನ ಉತ್ತರ ಸಿದ್ಧ. "ಆರಲಿಲ್ಲ. ಅದಕ್ಕೇ ಕಣೋ ಪವಾಡ ಅನ್ನೋದು, ಪೆದ್ದು."

ನನ್ನ ಹೆಂಡತಿ ಈ ಕಥೆಯನ್ನು ಒಮ್ಮೆಯೂ ಹೀಗಳೆದವಳಲ್ಲ. ಆದರೆ ಒಳಗೆ ಬಂದು ಕೂತವಳೂ ಅಲ್ಲ. ಅಕ್ಕನನ್ನು ಕೈಹಿಡಿದು ಪ್ರಾರ್ಥನೆ ಮನೆಯವರೆಗೆ ಕರೆದುಕೊಂಡು ಹೋಗಿ, ಹೊರಗಿನ ಬೆಂಚಿನ ಮೇಲೆ ಕೂತು, ಮುಗಿದ ಮೇಲೆ ಕರೆತರುತ್ತಾಳೆ. ಅವಳ ತಕರಾರು ಕಥೆಯ ಮೇಲಲ್ಲ, ಸಾಕ್ಷಿಗಳ ಮೇಲೆ. ನಮ್ಮವರಿಗೆ ಆಗಾಗ ಸಾಕ್ಷಿ ಸಿಗುತ್ತಿರುತ್ತದೆ. ಒಮ್ಮೆ ತಾಯಿಯ ಸೌಟು ಸಿಕ್ಕಿತು. ನಾನು ಅಂಗಡಿ ಮುಚ್ಚಿ ಓಡಿದೆ. ಆಮೇಲೆ ನೋಡಿದರೆ ಅದು ಯಾವುದೋ ಲಾರಿಯ ಲಿವರ್. ಇನ್ನೊಮ್ಮೆ ಬಂಡೆಯ ಮೇಲೆ ತಾಯಿಯ ಹೆಜ್ಜೆ ಸಿಕ್ಕಿತು. ಕತ್ತು ಸ್ವಲ್ಪ ವಾರೆ ಮಾಡಿ ನೋಡಿದರೆ ಹೆಜ್ಜೆಯೇ, ಆದರೆ ಆರು ಬೆರಳು. ತಾಯಿಗೆ ಆರು ಬೆರಳಿದ್ದಿರಬೇಕು ಅಂತ ಊಟದ ಹೊತ್ತಿನಲ್ಲಿ ವಾದ ಹೂಡಿದೆ. ಹೆಂಡತಿ ತಟ್ಟೆಯಿಂದ ತಲೆ ಎತ್ತಿದಳು.

"ಇಷ್ಟು ದಿನ ಕಥೇಲಿ ಐದೇ ಇತ್ತಲ್ಲ ರೀ. ಒಂದು ಕಲ್ಲಿಗೋಸ್ಕರ ತಾಯಿ ಕಾಲಿಗೆ ಬೆರಳು ಅಂಟಿಸ್ತೀರಾ?"

"ನಿನಗೆ ಕಣ್ಣಲ್ಲಿ ಮಾತ್ರ ನಂಬಿಕೆ, ಮನಸ್ಸಲ್ಲಿ ಇಲ್ಲ" ಅಂತ ಅಕ್ಕ ಸಿಡುಕಿದಳು. ಅಂದು ಎದ್ದು ಹೋದವಳು ವಾರಗಟ್ಟಲೆ ಅವಳನ್ನು ನೇರವಾಗಿ ಮಾತಾಡಿಸಲಿಲ್ಲ. ಉಪ್ಪು ಬೇಕಾದರೂ ನನ್ನ ಮೂಲಕವೇ ಕೇಳುತ್ತಿದ್ದಳು. ನಾನು ಅತ್ತ ದರಿ ಇತ್ತ ಪುಲಿ ಅನ್ನುವ ಹಾಗೆ ಇಬ್ಬರ ನಡುವೆ ಉಪ್ಪು ದಾಟಿಸುತ್ತ ಕೂತೆ.

ಹೀಗಿರುವಾಗ ಪ್ರಾರ್ಥನೆ ಮನೆಯ ಹಿಂದೆ ನೀರಿನ ತೊಟ್ಟಿಗೆ ಅಗೆಯುತ್ತಿದ್ದವರಿಗೆ ರಾಶಿ ಮಡಕೆ ಚೂರು ಸಿಕ್ಕಿತು. ಮಸಿ ಹಿಡಿದ, ದಪ್ಪ ಅಂಚಿನ, ಒಂದೇ ಮಡಕೆಯ ಚೂರುಗಳು. ಸಮಿತಿಯ ಅಧ್ಯಕ್ಷರು ಓಡೋಡಿ ಬಂದರು. ಅವರದು ಸೋಫಾ ಅಂಗಡಿ. ಒಳ್ಳೆಯ ಮನುಷ್ಯ, ಕಷ್ಟ ಅಂದವರಿಗೆ ಕೈ ನೀಡುವವರು, ಆದರೆ ಉತ್ಸಾಹ ಬಂತೆಂದರೆ ಬ್ರೇಕಿಲ್ಲ. ಯಾರೋ ಟೋಪಿ ಹಾಕಿಕೊಂಡ ಸಂಶೋಧಕರನ್ನು ಎಲ್ಲಿಂದಲೋ ಕರೆಸಿ ವಿಡಿಯೋ ಮಾಡಿಸಿದರು. ಟೋಪಿಯವರು ಒಂದು ಚೂರನ್ನು ಬಿಸಿಲಿಗೆ ಹಿಡಿದು, ಇದು ತಾಯಿಯ ಕಾಲದ್ದೇ, ಅನುಮಾನವೇ ಇಲ್ಲ ಅಂದರು. ತಾಯಿಯ ಕಾಲ ಯಾವುದು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಮೈಯೆಲ್ಲ ಜುಮ್ಮೆಂದಿತ್ತು. ಮನೆಗೆ ಬಂದು ಅಕ್ಕನಿಗೆ ಹೇಳಿದಾಗ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಸಾಯೋದ್ರೊಳಗೆ ಕಣ್ಣಿಂದ ನೋಡೋ ಭಾಗ್ಯ ಬಂತಲ್ಲೋ" ಅಂದಳು.

ನೆಲದಡಿ ಸಿಕ್ಕಿದ್ದನ್ನು ಮ್ಯೂಸಿಯಂಗೆ ತೋರಿಸಲೇಬೇಕೆಂಬ ಕಾನೂನಿದೆ. ಚೂರುಗಳು ಅಲ್ಲಿಗೆ ಹೋದವು, ಅಲ್ಲಿಂದ ಸೀದಾ ನನ್ನ ಹೆಂಡತಿಯ ಮೇಜಿಗೆ. ಹೊಸ ತೊಟ್ಟಿಯ ಉದ್ಘಾಟನೆಯ ದಿನ ಮಡಕೆಯನ್ನು ಒಂದು ದಿನದ ಮಟ್ಟಿಗೆ ಪ್ರಾರ್ಥನೆ ಮನೆಯಲ್ಲಿ ಪ್ರದರ್ಶನಕ್ಕಿಡಲು ಮ್ಯೂಸಿಯಂ ಮೇಡಂ ಒಪ್ಪಿದರು. ನಾನಂತೂ ಅಂಗಡಿಯಲ್ಲಿ ಎದೆ ಉಬ್ಬಿಸಿಕೊಂಡು ಓಡಾಡಿದೆ. ತಾಯಿಯ ಮಡಕೆ ನನ್ನ ಹೆಂಡತಿಯ ಕೈಯಲ್ಲಿ! ಕ್ಷೌರಕ್ಕೆ ಬಂದವರೆಲ್ಲ ಮಡಕೆ ಎಲ್ಲಿಗೆ ಬಂತು, ಎಷ್ಟಾಯ್ತು ಅಂತ ಕೇಳುವವರೇ. ಆದರೆ ಮನೆಯಲ್ಲಿ ಅವಳನ್ನು ಕೇಳಿದರೆ ಒಂದೇ ಉತ್ತರ. "ಅಡುಗೆ ಮಡಕೆ ರೀ. ಬಹಳ ದಿನ ಒಲೆ ಮೇಲೆ ಕೂತಿದೆ. ಅಷ್ಟು ಮಾತ್ರ ಹೇಳುತ್ತೆ ಅದು. ಯಾರ ಒಲೆ ಅಂತ ಕೇಳಿದ್ರೆ ಬಾಯಿ ಬಿಡಲ್ಲ."

ಕೆಲವು ದಿನಗಳಾದ ಮೇಲೆ ಅಧ್ಯಕ್ಷರು ಬಿಸ್ಕತ್ ಡಬ್ಬ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ಸಂಜೆಯ ಹೊತ್ತು. ಅಕ್ಕ ಕಿಟಕಿ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಹೆಂಡತಿ ಚಹಾ ತಂದಿಟ್ಟಳು.

"ಏನಮ್ಮ, ನಮ್ಮ ಮಡಕೆ ಹೇಗಿದೆ?"

"ಅರ್ಧ ಎದ್ದಿದೆ ಸರ್. ತಳದಿಂದ ಶುರು ಮಾಡ್ತೀವಿ ನಾವು. ತಳ ಪೂರ್ತಿ ಸಿಕ್ತು, ಒಂದು ಚೂರೂ ಕಳೆದಿಲ್ಲ. ಅಂಚಲ್ಲಿ ಮಾತ್ರ ಒಂದಿಷ್ಟು ಇಲ್ಲ."

"ಭೇಷ್! ತಳ ಪೂರ್ತಿ!" ಅಂತ ಅಧ್ಯಕ್ಷರು ತೊಡೆ ತಟ್ಟಿಕೊಂಡರು. ನಾನೂ ಭೇಷ್ ಅಂದೆ.

ಕಿಟಕಿಯ ಕಡೆಯಿಂದ ಅಕ್ಕನ ದನಿ ಬಂತು. "ತೂತು?"

ಅಕ್ಕ, ಎಷ್ಟೋ ವಾರಗಳ ನಂತರ, ನನ್ನ ಹೆಂಡತಿಯ ಮುಖವನ್ನೇ ನೋಡಿ ಕೇಳಿದಳು. "ತಳದಲ್ಲಿ ತೂತು ಇದೆಯೇನೇ?"

"ಇಲ್ಲಕ್ಕಾ. ಗಟ್ಟಿಯಾಗಿದೆ."

ಅಧ್ಯಕ್ಷರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಮರೆತರು, ಅದು ಕರಗಿ ಒಳಗೆ ಬಿತ್ತು. "ಅದು… ಹಳೇ ಕಥೆಗಳು ಬಾಯಿಂದ ಬಾಯಿಗೆ ಬರೋವಾಗ ಏನಾದ್ರೂ ಸೇರ್ಕೊಳ್ಳುತ್ತೆ ಅಕ್ಕಾ. ಮುಖ್ಯ ಮಡಕೆ ತಾನೇ? ಮಡಕೆ ಸಿಕ್ಕಿದೆ!" ಅಂದು, ಬೇರೆ ಮಾತು ತೆಗೆದು, ಬೇಗನೆ ಎದ್ದರು. ಅಕ್ಕ ಬಿಸ್ಕತ್ ಮುಟ್ಟಲಿಲ್ಲ.

ಮುಂದಿನ ವಾರ ಅಧ್ಯಕ್ಷರು ನನ್ನ ಅಂಗಡಿಗೆ ಬಂದರು. ಕೊರಳಿಗೆ ಬಟ್ಟೆ ಕಟ್ಟಿ ತಲೆಗೆ ನೀರು ಚಿಮುಕಿಸುವಷ್ಟರಲ್ಲೇ ಕನ್ನಡಿಯಲ್ಲಿ ನನ್ನನ್ನು ನೋಡುತ್ತ ವಿಷಯಕ್ಕೆ ಬಂದರು. "ನೋಡಪ್ಪ, ಉದ್ಘಾಟನೆ ದಿನ ಹೊರಗಿನ ಜನ ಬರ್ತಾರೆ. ಕಥೇಲಿ ತೂತು, ಮಡಕೇಲಿ ತೂತಿಲ್ಲ. ನಾಲ್ಕು ಜನ ನಗಬಾರದು ತಾನೇ? ನಿಮ್ಮಕ್ಕನಿಗೆ ಸ್ವಲ್ಪ ಹೇಳು, ಅದೊಂದು ಮಾತು ಬಿಟ್ಟು ಕಥೆ ಹೇಳಲಿ. ಆಗಲ್ಲ ಅಂದ್ರೆ ಪರದೆ ಮೇಲೆ ಟೋಪಿಯವರ ವಿಡಿಯೋ ಹಾಕಿಸ್ತೀವಿ. ಮುಂದಕ್ಕೂ ಅದನ್ನೇ ಹಾಕಿದ್ರೆ ಆಯ್ತು, ಪಾಪ ಅವರಿಗೂ ವಯಸ್ಸಾಯ್ತು."

ನನ್ನ ಬಾಯಿಗೆ ಎಂದೂ ಬೀಳದ ಬೀಗ ಅಂದು ಬಿತ್ತು. ಸಿಟ್ಟು ನೆತ್ತಿಗೇರಿತ್ತು, ಆದರೆ ಕೈಯಲ್ಲಿ ಕತ್ತರಿ, ಕೆಳಗೆ ಅಧ್ಯಕ್ಷರ ಕಿವಿ. ಹೇಗೋ ಕೆಲಸ ಮುಗಿಸಿದೆ. ಅವರ ಬಲಗಿವಿಯ ಪಕ್ಕದ ಕೃದಾ ಎಡಗಡೆಯದಕ್ಕಿಂತ ಗಿಡ್ಡವಾಯಿತು. ಅವರು ಗಮನಿಸಲಿಲ್ಲ, ನಾನು ಹೇಳಲೂ ಇಲ್ಲ.

ಮನೆಗೆ ಬಂದು ಅಡುಗೆಮನೆಯಲ್ಲಿ ಹೆಂಡತಿಯನ್ನು ಹಿಡಿದುಕೊಂಡು ಪಿಸುಗುಟ್ಟಿದೆ. ಆ ಸ್ಟೂಲು ಹೋದರೆ ಅಕ್ಕನ ಪಾಲಿಗೆ ಏನೂ ಉಳಿಯುವುದಿಲ್ಲ ಅಂದೆ. ಆಮೇಲೆ ನನ್ನ ತಲೆಗೆ ಹೊಳೆದ ಉಪಾಯವನ್ನೂ ಒದರಿದೆ. "ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ತಳದ ಒಂದೇ ಒಂದು ಚೂರು ಬಿಡಿಸಿ ತೆಗೆದುಬಿಡೇ. ಕಳೆದುಹೋಯ್ತು ಅನ್ನು. ತೂತಿಗೆ ತೂತೂ ಆಯ್ತು, ಅಕ್ಕನಿಗೆ ಅಕ್ಕನ ಜಾಗವೂ ಉಳೀತು."

ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿದಳು. ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದಳು. ಬಹಳ ಹೊತ್ತು ಯೋಚಿಸಿದಳು.

"ಅಕ್ಕ ಕೇಳಿದ್ರಾ ಹೀಗೆ ಮಾಡು ಅಂತ?"

"ಇಲ್ಲ. ಅವಳಿಗೆ ಅಧ್ಯಕ್ಷರು ಹೇಳಿದ್ದೇ ಇನ್ನೂ ಗೊತ್ತಿಲ್ಲ."

"ಹಾಗಾದ್ರೆ ಅವರನ್ನೇ ಕೇಳೋಣ. ನಾಳೆ ಕೆಲಸಕ್ಕೆ ಹೋಗುವಾಗ ಕರೆದುಕೊಂಡು ಹೋಗ್ತೀನಿ. ನೀವೂ ಬನ್ನಿ. ಬಂದು ಬಾಯಿ ಮುಚ್ಕೊಂಡಿರಿ."

ಅಕ್ಕ ಬರುತ್ತಾಳೆಂದು ನಾನು ನಂಬಿರಲಿಲ್ಲ. ಬಂದಳು. ತೇಪೆಯ ಕೋಲು ಊರಿಕೊಂಡು, ಗೊಣಗಿಕೊಂಡು, ಮ್ಯೂಸಿಯಂನ ಹಿಂಬಾಗಿಲಿನಿಂದ ಒಳಗೆ ಬಂದಳು. ದಾರಿಯಲ್ಲೇ ನಾನು ಅಧ್ಯಕ್ಷರ ಮಾತನ್ನು ಹೇಳಿಬಿಟ್ಟಿದ್ದೆ.

ಆ ಕೋಣೆಯನ್ನು ನಾನೂ ಸರಿಯಾಗಿ ನೋಡಿದ್ದು ಅಂದೇ. ಉದ್ದನೆಯ ಮೇಜು, ಕಿಟಕಿಯ ಬೆಳಕು, ಮೊಂಡು ಬ್ರಷ್ಷುಗಳು, ಅಂಟಿನ ವಾಸನೆ. ಅಂಟಿಸಿದ ಚೂರುಗಳು ಒಣಗುವ ತನಕ ಅಲುಗದಿರಲಿ ಅಂತ ಮರಳು ತುಂಬಿದ ತಟ್ಟೆಗಳಲ್ಲಿ ಅವನ್ನು ಹುಗಿದು ನಿಲ್ಲಿಸಿದ್ದರು. ನಮ್ಮ ಮಡಕೆಯೂ ಹಾಗೆ ಮರಳಿನಲ್ಲಿ ಕೂತಿತ್ತು. ಹೆಗಲಿನವರೆಗೆ ಎದ್ದಿತ್ತು, ಅಂಚು ಇನ್ನೂ ಬಾಕಿ. ಹೆಂಡತಿ ಅಕ್ಕನಿಗೆ ತನ್ನದೇ ಸ್ಟೂಲು ಎಳೆದುಕೊಟ್ಟು, ತಾನು ಪಕ್ಕದಲ್ಲಿ ನಿಂತಳು.

"ಕೈ ಹಾಕಿ ನೋಡಿ ಅಕ್ಕಾ. ಏನೂ ಆಗಲ್ಲ."

ಅಕ್ಕ ಮೊದಲು ಕೈ ಮುಗಿದಳು. ಆಮೇಲೆ ಮೆಲ್ಲಗೆ ಒಳಗೆ ಕೈ ಇಳಿಸಿದಳು. ಕಣ್ಣು ಮುಚ್ಚಿಕೊಂಡು ತಳವನ್ನೆಲ್ಲ ತಡವಿದಳು. ಅವಳು ಆ ತೂತನ್ನು ಹುಡುಕುತ್ತಿದ್ದಾಳೆ ಅಂತ ನನಗೆ ತಿಳಿಯಿತು. ಕೈ ತಿರುಗಿತು, ನಿಂತಿತು, ಮತ್ತೆ ತಿರುಗಿತು.

"ಇಲ್ಲೇನೋ ಗೀರಿದೆಯಲ್ಲೇ. ಸವೆದಿದೆ."

"ಸೌಟು ಉಜ್ಜಿ ಉಜ್ಜಿ ಆಗಿರೋದಕ್ಕಾ. ತಿರುವಿ ತಿರುವಿ. ಒಂದೇ ಕಡೆ ಜಾಸ್ತಿ ಸವೆದಿದೆ, ನೋಡಿ."

ಅಕ್ಕ ಕೈ ತೆಗೆಯಲಿಲ್ಲ. "ಕೂತು ಮಾಡಿದ್ರೆ ಹಾಗೇ ಆಗೋದು. ಕೂತವಳಿಗೆ ಮಡಕೆಯ ಆಚೆ ಬದಿ ಎಟಕಲ್ಲ. ನಮ್ಮನೇ ಪಾತ್ರೆಗಳೂ ಹೀಗೇ ಇವೆ" ಅಂದಳು. ಹೆಂಡತಿ ಇರಬಹುದು ಅಂದಳೇ ಹೊರತು ಹೌದು ಅನ್ನಲಿಲ್ಲ. ಅಷ್ಟನ್ನೂ ಬಿಟ್ಟುಕೊಡುವವಳಲ್ಲ ನನ್ನ ಹೆಂಡತಿ. ಆಮೇಲೆ ನನ್ನ ಕಡೆ ಬೆರಳು ತೋರಿಸಿ, ತಳದ ಒಂದು ಚೂರು ತೆಗೆದುಬಿಡು ಅಂತ ನಾನು ಹೇಳಿದ್ದನ್ನು ಅಕ್ಕನ ಮುಂದೆ ಇಟ್ಟಳು. "ನನ್ನ ಕೆಲಸದಲ್ಲಿ ಹಾಗೆ ಮಾಡಬಾರದು. ಈವರೆಗೂ ಮಾಡಿಲ್ಲ. ಆದ್ರೆ ನಿಮ್ಮ ಜಾಗ ಹೋಗುತ್ತೆ ಅಂದಾಗ ನನಗೆ ತಕ್ಷಣ ಇಲ್ಲ ಅನ್ನೋಕೂ ಆಗಲಿಲ್ಲಕ್ಕಾ. ನೀವೇ ಹೇಳಿ."

ಯಾವ ಆಣೆ ಪ್ರಮಾಣಕ್ಕೂ ಬಗ್ಗದ ನನ್ನ ಹೆಂಡತಿ ಅಕ್ಕನಿಗಾಗಿ ಇಷ್ಟು ಬಗ್ಗಿದ್ದನ್ನು ನೋಡಿ ನನಗೆ ನಾಚಿಕೆಯೂ ಆಯಿತು, ಅವಳ ಮೇಲೆ ಹೇಳಲಾರದಷ್ಟು ಪ್ರೀತಿಯೂ ಉಕ್ಕಿತು. ಅಕ್ಕ ಮಡಕೆಯಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ನನ್ನ ಕಡೆ ತಿರುಗಿದಳು.

"ಕತ್ತೆ" ಅಂದಳು. "ಯಾವಳೋ ಜನ್ಮ ಪೂರ್ತಿ ಬೇಯಿಸಿ ಬಡಿಸಿರೋ ಮಡಕೆ. ಅದಕ್ಕೆ ನೀನು ತೂತು ಮಾಡಿಸ್ತೀಯಾ? ನನಗೋಸ್ಕರ?"

"ಮತ್ತೆ ನಿನ್ನ ಕಥೆ ಅಕ್ಕಾ?"

"ಕಥೆಗೇನಾಗಿದೆ ಧಾಡಿ? ಈ ಮಡಕೆಗೆ ತೂತಿಲ್ಲ, ಹಾಗಾದ್ರೆ ಇದು ತಾಯಿ ಮಡಕೆ ಅಲ್ಲ. ಅಷ್ಟೇ ತಾನೇ? ಇವಳು ಮೊದಲ ದಿನದಿಂದ ಅದನ್ನೇ ಬಡ್ಕೋತಾ ಇದ್ದಾಳೆ." ಹೆಂಡತಿ ಬಾಯಿ ತೆರೆದು, "ನಾನು ಅಲ್ಲ ಅಂತಾನೂ ಹೇಳಿಲ್ಲಕ್ಕಾ, ಗೊತ್ತಿಲ್ಲ ಅಂದೆ" ಅಂದಳು. "ಸುಮ್ನಿರೇ, ನಿನ್ನ ಪರ ಮಾತಾಡ್ತಿದ್ದೀನಿ" ಅಂತ ಅಕ್ಕ ಗದರಿದಳು.

ಉದ್ಘಾಟನೆಯ ದಿನ ಪ್ರಾರ್ಥನೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುವೆ ಗಾಜಿನ ಪೆಟ್ಟಿಗೆಯಲ್ಲಿ, ತಳವೂ ಕಾಣುವ ಹಾಗೆ, ಮಡಕೆ. ಅಂಚಿನಲ್ಲಿ ಚೂರು ಸಿಗದ ಜಾಗಕ್ಕೆ ಹೆಂಡತಿ ತುಂಬಿದ್ದ ಮಸುಕು ಪ್ಲಾಸ್ಟರ್ ಎದ್ದು ಕಾಣುತ್ತಿತ್ತು. ಕೆಳಗೆ ಮ್ಯೂಸಿಯಂ ಮೇಡಂ ಬರೆಸಿದ ಚೀಟಿ: ಅಡುಗೆ ಮಡಕೆ, ಹಳೆಯದು, ಯಾರದೆಂದು ತಿಳಿದಿಲ್ಲ. ಅದರ ಮೇಲೆ ಸಮಿತಿಯವರ ಬ್ಯಾನರ್, ಗೋಡೆಯಷ್ಟಗಲ: ತಾಯಿಯ ಮಡಕೆ ಸಿಕ್ಕಿತು! ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಪರದೆ ಕಟ್ಟಿ ವಿಡಿಯೋವನ್ನೂ ಸಿದ್ಧ ಮಾಡಿಟ್ಟಿದ್ದರು. ಮೊದಲ ಸಾಲಿನಲ್ಲಿ ಗಾಲಿಕುರ್ಚಿಯ ಮೇಲೆ ಅಧ್ಯಕ್ಷರ ಮುದಿ ತಾಯಿ. ಅವರಿಗೆ ಕಿವಿ ಅಷ್ಟಕ್ಕಷ್ಟೆ. ನನ್ನ ಹೆಂಡತಿ ಯಥಾಪ್ರಕಾರ ಬಾಗಿಲಾಚೆ ನಿಂತಿದ್ದಳು, ಕಾರ್ಯಕ್ರಮ ಮುಗಿದ ಕೂಡಲೇ ಮಡಕೆಯನ್ನು ವಾಪಸು ಒಯ್ಯಬೇಕಿತ್ತು.

ಅಧ್ಯಕ್ಷರು ಅಕ್ಕನ ಕಿವಿಯಲ್ಲಿ ಏನೋ ಉಸುರಿದರು. ಅಕ್ಕ ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಸ್ಟೂಲಿನ ಮೇಲೆ ಕೂತು ಶುರು ಮಾಡಿದಳು. ಬರ ಬಂತು, ಜನ ಬಂದರು, ಗುಡ್ಡದ ಬುಡ ಬಂತು. "ಅವಳ ಹತ್ತಿರ ಇದ್ದಿದ್ದು ಒಂದೇ ಒಂದು ಮಡಕೆ" ಅಂದು ಅಕ್ಕ ನಿಲ್ಲಿಸಿದಳು. ಅಧ್ಯಕ್ಷರು ಕೆಮ್ಮಿದರು. ಅಕ್ಕ ಅವರತ್ತ ನೋಡಿದಳು, ಮಕ್ಕಳತ್ತ ನೋಡಿದಳು.

"ಯಾರೋ ಬಿಸಾಡಿದ್ದ ಮಡಕೆ. ಅದರ ತಳದಲ್ಲಿ?"

"ತೂತು!" ಅಂತ ಮಕ್ಕಳೆಲ್ಲ ಕಿರುಚಿದವು.

ಜನರ ನಡುವೆ ಗುಸುಗುಸು ಎದ್ದಿತು. ಒಂದು ಪುಟ್ಟ ಹುಡುಗಿ ಗಾಜಿನ ಪೆಟ್ಟಿಗೆಯ ಹತ್ತಿರ ಹೋಗಿ, ಬಗ್ಗಿ, ಕೆಳಗಿನಿಂದ ಇಣುಕಿ ನೋಡಿ, "ಅಜ್ಜಿ, ಇದಕ್ಕೆ ತೂತೇ ಇಲ್ಲ!" ಅಂತ ಕೂಗಿದಳು.

"ಅದಕ್ಯಾಕಿರುತ್ತೆ ಪುಟ್ಟಾ? ಅದು ಬೇರೆ ಮಡಕೆ. ನಿಮ್ಮಮ್ಮನ ಥರ ಯಾವುದೋ ಮನೆಯಾಕೆ ದಿನಾ ಅಡುಗೆ ಮಾಡಿದ್ದು. ಮಸಿ ನೋಡು ಎಷ್ಟಿದೆ. ಅವಳೂ ಪುಣ್ಯಾತ್ಗಿತ್ತಿನೇ, ಕೈ ಮುಗಿ. ತಾಯಿ ಮಡಕೆ ಇನ್ನೂ ಸಿಕ್ಕಿಲ್ಲ, ಸಿಗದಿದ್ರೂ ಚಿಂತೆ ಇಲ್ಲ. ಅದರ ಗಂಜಿ ಸಿಕ್ಕಿದೆ ನಮಗೆ."

ಅಧ್ಯಕ್ಷರ ಮುಖ ಬ್ಯಾನರಿನಷ್ಟೇ ಕೆಂಪಾಯಿತು. ಅಷ್ಟರಲ್ಲಿ ಗಾಲಿಕುರ್ಚಿಯಿಂದ ಅವರ ತಾಯಿ, ಕಿವಿ ಕೇಳದವರ ದೊಡ್ಡ ದನಿಯಲ್ಲಿ, "ಏನೋ, ತೂತಿನ ಮಾತು ಹೇಳಿದ್ಲೇನೋ? ಅದು ನಂಗೆ ಕೇಳಿಸಲೇ ಇಲ್ಲ!" ಅಂದರು. ಇಡೀ ಸಭೆ ಅಧ್ಯಕ್ಷರನ್ನೇ ನೋಡಿತು. ಅವರು ಒಂದು ಕ್ಷಣ ಪರದೆಯ ಕಡೆ, ಒಂದು ಕ್ಷಣ ತಮ್ಮ ತಾಯಿಯ ನಿಲ್ಲಲಾರದ ಕಾಲುಗಳ ಕಡೆ ನೋಡಿದರು. ಆಮೇಲೆ ಮಂಡಿಯೂರಿ, ತಾಯಿಯ ಕಿವಿಗೆ ಬಾಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಹೇಳಿದ್ರಮ್ಮ. ತೂತಿತ್ತು."

"ಹಾಂ, ಮತ್ತೆ!" ಅಂತ ಮುದುಕಿ ಕೈ ತಟ್ಟಿದರು. ಅವತ್ತು ವಿಡಿಯೋ ಹಾಕಲಿಲ್ಲ. ಅದರ ಮಾತನ್ನು ಆಮೇಲೂ ಯಾರೂ ಎತ್ತಲಿಲ್ಲ. ಬ್ಯಾನರ್ ಈಗ ಸೋಫಾ ಅಂಗಡಿಯಲ್ಲಿ ಧೂಳು ಬೀಳದಂತೆ ಸೋಫಾ ಮುಚ್ಚುತ್ತಿದೆ. ಅಧ್ಯಕ್ಷರು ಇನ್ನೂ ನನ್ನ ಬಳಿಯೇ ಕ್ಷೌರಕ್ಕೆ ಬರುತ್ತಾರೆ. ಈಗ ಎರಡೂ ಕೃದಾ ಸಮ ಮಾಡಿ ಕಳಿಸುತ್ತೇನೆ.

ಅಂದು ಕಥೆ ಇನ್ನೂ ಮುಗಿದಿರಲಿಲ್ಲ. ಮಡಕೆಯನ್ನು ಕೊಂಬೆಗೆ ತೂಗುಹಾಕುವ ಹೊತ್ತಿಗೆ ಅಕ್ಕ ಮತ್ತೆ ನಿಲ್ಲಿಸಿದಳು. ಜನರ ತಲೆಗಳ ಮೇಲಿಂದ ಬಾಗಿಲ ಕಡೆ ನೋಡಿ, ತೇಪೆಯ ಕೋಲನ್ನು ಎತ್ತಿ ಬೀಸಿದಳು.

"ಏ ಚೂರಮ್ಮ! ಎಷ್ಟು ವರ್ಷ ಅಂತ ಹೊರಗೇ ನಿಂತಿರ್ತೀಯೇ? ನಂಬಬೇಡ, ಯಾರು ನಂಬು ಅಂದ್ರು ನಿನಗೆ? ಕಾಲು ನೋಯುತ್ತೆ, ಬಾ."

ನನ್ನ ಹೆಂಡತಿ ಸುತ್ತ ನೋಡಿದಳು, ನನ್ನನ್ನು ನೋಡಿದಳು. ನಾನು ಸರಿದು ದಾರಿ ಬಿಟ್ಟೆ. ಮಕ್ಕಳ ನಡುವೆ ದಾರಿ ಮಾಡಿಕೊಂಡು ಬಂದು, ಅಕ್ಕನ ಸೊರಗಿದ ಕಾಲಿನ ಪಕ್ಕದಲ್ಲಿ, ಬರಿ ನೆಲದ ಮೇಲೆ ಕೂತಳು. ಅಕ್ಕ ಅವಳ ತಲೆಯ ಮೇಲೆ ಕೈಯಿಟ್ಟು ಕಥೆ ಮುಂದುವರಿಸಿದಳು.

"ನಿಂತವರಿಗೆ ಮೇಲಿಂದ…"

ಮಕ್ಕಳ ಜೊತೆ ಸೇರಿ ಉಳಿದರ್ಧವನ್ನು ಹೇಳಿದ ದನಿಗಳಲ್ಲಿ ನನ್ನ ಹೆಂಡತಿಯದೂ ಇತ್ತು.